ಹುಷಾರಾದ ಮೇಲೂ ಮಾತ್ರೆ ಯಾಕೆ?

ಮನಸ್ಸಿನ ಕಾಯಿಲೆಯಿಂದ ಎದ್ದು ಬಂದವರ ಕಥೆಗಳಿಗೆ ಈಗ ಒಳ್ಳೆಯ ಕಾಲ. ಕತ್ತಲೆ ಕವಿಯಿತು, ಯಾರೋ ಕೈ ಹಿಡಿದರು, ಬೆಳಕು ಕಂಡಿತು, ಇವತ್ತು ನಿಮ್ಮೆದುರು ನಿಂತಿದ್ದೇನೆ. ಚಪ್ಪಾಳೆ. ಇವುಗಳಿಂದ ಉಪಕಾರವೇ ಆಗಿಲ್ಲ ಎನ್ನಲಾರೆ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ಅಮ್ಮನ ಜೊತೆ ಟಿ.ವಿ. ಕ್ಯಾಮೆರಾ ಎದುರು ಕೂತು ತಮ್ಮ ಖಿನ್ನತೆಯ ಬಗ್ಗೆ ಮಾತಾಡಿದಾಗ, ಅಲ್ಲಿಯವರೆಗೆ ಪಿಸುಮಾತಿನಲ್ಲಿದ್ದ ವಿಷಯ ನಡುಮನೆಗೆ ಬಂತು. ಆದರೆ ಇಂಥ ಕಥನಗಳಲ್ಲಿ ನಡುವಿನ ಪುಟಗಳೇ ಇರುವುದಿಲ್ಲ. ಡಾಕ್ಟರರ ಹತ್ತಿರ ಹೋದದ್ದಕ್ಕೂ ಹುಷಾರಾದದ್ದಕ್ಕೂ ಮಧ್ಯೆ ಏನೇನಾಯಿತು? ಮಾತ್ರೆ ಬಿಟ್ಟದ್ದು ಎಷ್ಟು ಸಲ? ಸಾಲ ತೀರಿಸಿದವರು ಯಾರು? ಈ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡುತ್ತದೆ ಎಂಬ ಕಾರಣಕ್ಕೇ ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಅವರ ‘ಆನ್ ಅನ್‌ಕ್ವಯಟ್ ಮೈಂಡ್’ 1995ರಲ್ಲಿ ಬಂದ ಪುಸ್ತಕವಾದರೂ ಹಳತಾಗಿಲ್ಲ.

ಜೇಮಿಸನ್ ಸಾಮಾನ್ಯ ರೋಗಿಯಲ್ಲ. ಮನಶ್ಶಾಸ್ತ್ರಜ್ಞೆ, ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬಂದು ಕಾಡುವ ಕಾಯಿಲೆಯ ಬಗ್ಗೆ ಫ್ರೆಡರಿಕ್ ಗುಡ್ವಿನ್ ಜೊತೆ 1990ರಲ್ಲಿ ದೊಡ್ಡ ಪಠ್ಯಗ್ರಂಥವನ್ನೇ ಬರೆದವರು. ಅದೇ ಕಾಯಿಲೆ ತಮಗೂ ಇದೆ ಎಂದು ಐದು ವರ್ಷದ ಮೇಲೆ ಲೋಕಕ್ಕೆ ಹೇಳಿದರು. 1974ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಮನೋವೈದ್ಯ ವಿಭಾಗಕ್ಕೆ ಅಧ್ಯಾಪಕಿಯಾಗಿ ಸೇರಿದರು. ಕೆಲವೇ ತಿಂಗಳಲ್ಲಿ ಉನ್ಮಾದ ತಲೆಗೇರಿತು. ನಿದ್ದೆ ಬೇಡ, ಊಟ ಬೇಡ, ತಲೆತುಂಬ ಯೋಜನೆಗಳು, ಕೈ ತುಂಬ ಖರೀದಿ. ಹಾವು ಕಚ್ಚಿದರೆ ಬೇಕಾಗುವ ಔಷಧದ ಪೆಟ್ಟಿಗೆಗಳನ್ನು ರಾಶಿ ರಾಶಿ ಕೊಂಡರು. ಪೆಂಗ್ವಿನ್ ಪ್ರಕಾಶನದ ಪುಸ್ತಕಗಳನ್ನು ಕಂತೆಗಟ್ಟಲೆ ತಂದರು. ಪೆಂಗ್ವಿನ್‌ಗಳೆಲ್ಲ ಒಂದು ಕಡೆ ಸೇರಿ ಸಂಸಾರ ಹೂಡಲಿ ಎಂಬುದು ಆಗಿನ ತರ್ಕ. ಓದುವಾಗ ನಗು ಬರುತ್ತದೆ. ಆ ನಗು ಮುಗಿಯುವಷ್ಟರಲ್ಲಿ ಬಿಲ್ಲುಗಳು ಬರುತ್ತವೆ.

ಅರ್ಥಶಾಸ್ತ್ರಜ್ಞನಾದ ಅಣ್ಣ ದೂರದಿಂದ ವಿಮಾನ ಹತ್ತಿ ಬರುತ್ತಾನೆ. ಇಬ್ಬರೂ ಕೂತು ರಸೀದಿಗಳು, ಬ್ಯಾಂಕಿನ ನೋಟೀಸುಗಳು, ಹಣ ಕಟ್ಟಿ ಎಂಬ ಕಾಗದಗಳನ್ನೆಲ್ಲ ಒಂದೊಂದಾಗಿ ವಿಂಗಡಿಸುತ್ತಾರೆ. ಅಣ್ಣ ಬೈಯುವುದಿಲ್ಲ. ಇದನ್ನೆಲ್ಲ ಯಾಕೆ ಕೊಂಡೆ ಎಂದು ಕೆದಕುವುದೂ ಇಲ್ಲ. ತನ್ನ ಹೆಸರಲ್ಲಿ ಸಾಲ ತೆಗೆದು ತಂಗಿಯ ಬಾಕಿ ಚುಕ್ತಾ ಮಾಡುತ್ತಾನೆ. ಅವಳು ವರ್ಷಗಟ್ಟಲೆ ಅದನ್ನು ತೀರಿಸುತ್ತಾಳೆ. ನನ್ನ ಮಟ್ಟಿಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ದೃಶ್ಯವಿಲ್ಲ. ಶನಿಗ್ರಹದ ಬಳೆಗಳ ಪಕ್ಕದಲ್ಲೇ ಹಾರಿಹೋದಂಥ ಅನುಭವವನ್ನು ಲೇಖಕಿ ಬಣ್ಣ ಬಣ್ಣವಾಗಿ ವರ್ಣಿಸುತ್ತಾರೆ, ಸರಿ. ಆದರೆ ಉನ್ಮಾದ ಇಳಿದ ಮೇಲೆ ಮನುಷ್ಯ ಎಲ್ಲಿ ಬಂದು ಬೀಳುತ್ತಾನೆ ಎಂಬುದನ್ನು ನೆಲದ ಮೇಲೆ ಹರಡಿದ ಆ ರಸೀದಿಗಳು ಹೇಳುತ್ತವೆ.

ಪುಸ್ತಕದ ತಿರುಳು ಇರುವುದು ಮಾತ್ರೆಯ ಜಗಳದಲ್ಲಿ. ಆ ಮಾತ್ರೆ ಲಿಥಿಯಂ. ಅದು ಉನ್ಮಾದವನ್ನು ತಗ್ಗಿಸುತ್ತದೆ ಎಂದು ಆಸ್ಟ್ರೇಲಿಯಾದ ಜಾನ್ ಕೇಡ್ ಬರೆದದ್ದು 1949ರಲ್ಲಿ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ, ಆದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಇದೆಲ್ಲ ಜೇಮಿಸನ್‌ಗೆ ಪಾಠ ಹೇಳುವಷ್ಟು ಗೊತ್ತು. ಆದರೂ ಮಾತ್ರೆ ಬಿಟ್ಟರು. ‘ಹುಷಾರಾದ ಮೇಲೂ ಮಾತ್ರೆ ಯಾಕೆ ಡಾಕ್ಟ್ರೇ?’ ಎಂದು ನಮ್ಮ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಕೇಳುವ ಪ್ರಶ್ನೆಯನ್ನು ಅಜ್ಞಾನ ಎಂದು ತಳ್ಳಿಹಾಕುವವರು ಈ ಅಧ್ಯಾಯವನ್ನು ಓದಬೇಕು. ತಿಳಿವಳಿಕೆ ಇದ್ದವರೂ ಮಾತ್ರೆ ಬಿಡುತ್ತಾರೆ, ಬಿಡುವುದಕ್ಕೆ ಅವರಿಗೂ ಕಾರಣಗಳಿರುತ್ತವೆ.

ಆ ಕಾರಣಗಳು ಒಂದೆರಡಲ್ಲ. ವಾಂತಿ, ನಡುಗುವ ಕೈ. ಅದಕ್ಕಿಂತ ದೊಡ್ಡ ನಷ್ಟ ಓದಿನದು. ಆಗ ಕೊಡುತ್ತಿದ್ದ ಹೆಚ್ಚಿನ ಪ್ರಮಾಣದ ಔಷಧದಿಂದ ಅಕ್ಷರ ಮಂಜಾಗುತ್ತಿತ್ತು, ಓದಿದ ಸಾಲು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಓದುವುದೇ ಕಸುಬಾದ ಹೆಂಗಸು ಕೊನೆಗೆ ಮಕ್ಕಳ ಪುಸ್ತಕಗಳ ಮೊರೆ ಹೋಗುತ್ತಾಳೆ. ಅಕ್ಕನಂತೂ ಈ ಔಷಧ ನಿನ್ನ ಜೀವಚೈತನ್ಯವನ್ನೇ ಬತ್ತಿಸುತ್ತದೆ ಎಂದು ಹಂಗಿಸುತ್ತಾಳೆ. ಇಷ್ಟರ ಮೇಲೆ, ಉನ್ಮಾದದ ಆ ಮಿಂಚಿನ ದಿನಗಳು ಬೇಕೆನಿಸುತ್ತಿದ್ದವು ಎಂದು ಲೇಖಕಿ ನಾಚದೆ ಒಪ್ಪಿಕೊಳ್ಳುತ್ತಾರೆ. ಮಾತ್ರೆ ಬಿಟ್ಟದ್ದರ ಫಲವಾಗಿ ಉನ್ಮಾದ ಮತ್ತೆ ಬಂತು, ಅದರ ಬೆನ್ನಿಗೇ ತಿಂಗಳುಗಟ್ಟಲೆ ಖಿನ್ನತೆ. ಪ್ರಾಣ ಕಳೆದುಕೊಳ್ಳುವ ಯತ್ನದವರೆಗೂ ಹೋಗಿ ಬದುಕುಳಿದರು. ಆ ಭಾಗದ ಬರವಣಿಗೆ ಬಿಗಿಯಾಗಿದೆ, ಅನುಕಂಪ ಬೇಡುವುದಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ತ್ರಿವೇಣಿಯವರ ‘ಶರಪಂಜರ’ ನೆನಪಾಗದೆ ಇರದು. ಮನಶ್ಶಾಸ್ತ್ರ ಓದಿದ ತ್ರಿವೇಣಿ 1963ರಲ್ಲಿ, ಮೂವತ್ತೈದೂ ತುಂಬದೆ, ಬಾಣಂತಿಯಾಗಿದ್ದಾಗಲೇ ತೀರಿಕೊಂಡರು. ಆ ಕಾದಂಬರಿಯನ್ನು ಮುಂದೆ ಪುಟ್ಟಣ್ಣ ಕಣಗಾಲ್ ಚಿತ್ರವಾಗಿಸಿದರು. ಅದರ ನಾಯಕಿ ಕಾವೇರಿ ಗುಣವಾಗಿಯೇ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಗುಣವಾಗದವರು ಮನೆಯವರು. ಅವಳು ನಕ್ಕರೂ ಸಿಟ್ಟಾದರೂ ಅವರಿಗೆ ಕಾಣುವುದು ಹಳೆಯ ಕಾಯಿಲೆಯೇ, ಮೇಲಾಗಿ ಗಂಡನ ಮನಸ್ಸು ಬೇರೆ ಕಡೆ. ಜೇಮಿಸನ್‌ಗೆ ಸಿಕ್ಕಿದ್ದೆಲ್ಲ ಕಾವೇರಿಗೆ ಸಿಗಲಿಲ್ಲ: ಸಾಲ ತೀರಿಸುವ ಅಣ್ಣ, ಹೊತ್ತಲ್ಲದ ಹೊತ್ತಿನಲ್ಲೂ ಬರುವ ಗೆಳೆಯರು, ನಿಮ್ಮ ಕಾಯಿಲೆ ನನಗೆ ಮೊದಲೇ ಗೊತ್ತಿತ್ತು ಎಂದು ತಮಾಷೆಯ ಮಾತಿನಲ್ಲೇ ಹಗುರ ಮಾಡಿದ, ಅವರು ಮುಂದೆ ಕೆಲಸಕ್ಕೆ ಸೇರಿದ ಜಾನ್ಸ್ ಹಾಪ್‌ಕಿನ್ಸ್‌ನ ಮನೋವೈದ್ಯ ವಿಭಾಗದ ಮುಖ್ಯಸ್ಥರು. ತಾನು ಅದೃಷ್ಟವಂತೆ ಎಂದು ಲೇಖಕಿಯೇನೋ ಹೇಳುತ್ತಾರೆ, ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನನ್ನ ತಕರಾರು ಇಲ್ಲಿದೆ. ಸಂಬಳ, ಪದವಿ, ಪರಿಚಯದ ವೈದ್ಯರು, ಇವಿಲ್ಲದವರಿಗೆ ಲಿಥಿಯಂ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಪುಸ್ತಕದ ಅಂಚಿಗೂ ಸುಳಿಯುವುದಿಲ್ಲ. ತ್ರಿವೇಣಿ ಬರೆದದ್ದು ಕಾದಂಬರಿ, ಅನುಭವಕಥನವಲ್ಲ. ಆದರೂ ಹೊಸ್ತಿಲ ಒಳಗಿನ ಈ ಸತ್ಯವನ್ನು ಅವರು ಜೇಮಿಸನ್‌ಗಿಂತ ಮೂರು ದಶಕ ಮೊದಲೇ, ಇನ್ನೂ ಕಟುವಾಗಿ ಕಂಡಿದ್ದರು.

ಇನ್ನೊಂದು ತಕರಾರು ಕೊನೆಯ ಪುಟಗಳದು. ಆಯ್ಕೆ ಕೊಟ್ಟರೆ ಈ ಕಾಯಿಲೆ ಬೇಕೆನ್ನುವೆಯಾ ಎಂದು ಲೇಖಕಿ ತಮ್ಮನ್ನೇ ಕೇಳಿಕೊಂಡು, ಲಿಥಿಯಂ ಜೊತೆಗಿದ್ದರೆ ಬೇಕು, ಇಲ್ಲದಿದ್ದರೆ ಬೇಡ ಎಂಬರ್ಥದ ಉತ್ತರ ಕೊಡುತ್ತಾರೆ. ಹೆಚ್ಚು ತೀವ್ರವಾಗಿ ಬದುಕಿದೆ, ಪ್ರೀತಿಸಿದೆ ಎಂಬುದು ಸಮರ್ಥನೆ. ಕವಿಗಳ, ಸಂಗೀತಗಾರರ ಹುಚ್ಚಿನ ಬಗ್ಗೆ 1993ರಲ್ಲೇ ಬೇರೊಂದು ಪುಸ್ತಕ ಬರೆದವರ ಒಲವು ಇಲ್ಲಿ ಕೈ ಹಿಡಿದು ಬರೆಸಿದೆ. ಅನುಭವಿಸಿದವರಿಗೆ ಹಾಗೆ ಹೇಳುವ ಹಕ್ಕಿದೆ. ಆದರೆ ಅದೇ ಪುಸ್ತಕದ ಇನ್ನೊಂದು ಪುಟ ಈ ಮಾತನ್ನು ಅಲ್ಲಗಳೆಯುತ್ತದೆ. ನಿನಗೆ ಮಕ್ಕಳಾಗಬಾರದು ಎಂದು ವೈದ್ಯನೊಬ್ಬ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ಅವನಿಗೆ ಎರಡು ಮಾತು ಬೈದು ಹೊರಬಿದ್ದು, ಕಾರಿನಲ್ಲಿ ಕೂತು ಸುಸ್ತಾಗುವವರೆಗೆ ಅಳುತ್ತಾರೆ. ಮಕ್ಕಳಾಗದ್ದು ಅವರಿಗೆ ಬಾಳಿನುದ್ದಕ್ಕೂ ಉಳಿದ ಕೊರಗು. ಆ ಕಣ್ಣೀರು ‘ಬೇಕು’ ಎಂಬ ಉತ್ತರದ ಲೆಕ್ಕದಲ್ಲಿ ಎಲ್ಲಿ ಸೇರಿತು?

ಪುಸ್ತಕ ಕೈಗೆ ಸಿಕ್ಕರೆ ಬಾಲ್ಯದ ಭಾಗವನ್ನು ಬೇಗ ದಾಟಿ, ಎರಡನೇ ಭಾಗದಲ್ಲಿ ನಿಧಾನಿಸಿ. ಪ್ರೇಮದ ಅಧ್ಯಾಯಗಳಲ್ಲಿ ಸಕ್ಕರೆ ಕೊಂಚ ಹೆಚ್ಚು. ಮನೆಯಲ್ಲಿ ಮಾತ್ರೆ ನುಂಗುವವರಿದ್ದರೆ ರಸೀದಿಗಳ ಪುಟ ಮತ್ತು ಓದಲಾಗದ ವರ್ಷಗಳ ಪುಟ, ಇವೆರಡನ್ನು ಅವರಿಗಿಂತ ಮೊದಲು ಉಳಿದವರು ಓದುವುದು ಮೇಲು.