ದರ್ಜಿ ಅಂಗಡಿಯಲ್ಲಿ ಓದಿದ ಪುಸ್ತಕಗಳು

ಪುಸ್ತಕಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಧ್ಯಾಪಕರು, ಪತ್ರಕರ್ತರು, ಇಲ್ಲವೇ ಸ್ವತಃ ಲೇಖಕರು. ದಿನಕ್ಕೆ ಹತ್ತು ಗಂಟೆ ದುಡಿದು, ಉಳಿದ ಅರ್ಧ ಗಂಟೆಯಲ್ಲಿ ಓದುವವನಿಗೆ ಒಂದು ಪುಸ್ತಕ ಹೇಗೆ ಕಾಣುತ್ತದೆ ಎಂದು ಕೇಳುವವರು ಕಡಿಮೆ. ನಾನು ದರ್ಜಿ. ಹಾಸನ ಜಿಲ್ಲೆಯ ಸಣ್ಣ ಊರೊಂದರಲ್ಲಿ ಮೂವತ್ತು ವರ್ಷಗಳಿಂದ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದೇನೆ. ಶಾಲೆ ಕಲಿತದ್ದು ಎಸ್ಸೆಸ್ಸೆಲ್ಸಿಯವರೆಗೆ. ಓದುವ ಚಟ ಮಾತ್ರ ಬಿಟ್ಟಿಲ್ಲ.

ನನ್ನ ಓದಿಗೆ ಅದರದೇ ಋತುಮಾನವಿದೆ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಒಂದು ಪುಟವೂ ಸಾಗುವುದಿಲ್ಲ. ಶಾಲೆ ತೆರೆಯುವ ಹೊತ್ತಿಗೆ ಸಮವಸ್ತ್ರಗಳ ರಾಶಿ. ಅವೆಲ್ಲ ಮುಗಿದ ಮೇಲೆ ಬರುವ ಮಳೆಗಾಲದ ಮಧ್ಯಾಹ್ನಗಳೇ ನನ್ನ ಗ್ರಂಥಾಲಯ. ಕರೆಂಟು ಹೋದರೆ ಮೋಟಾರು ನಿಲ್ಲುತ್ತದೆ. ಆಗ ಮೇಜಿನ ಕೆಳಗಿನ ಪುಸ್ತಕ ಮೇಲೆ ಬರುತ್ತದೆ. ಹೀಗೆ ಓದುವವನಿಗೆ ಸಣ್ಣಕತೆ ಅನುಕೂಲ. ವಸುಧೇಂದ್ರರ 'ತೇಜೋ-ತುಂಗಭದ್ರಾ' (2019) ಮುಗಿಸಲು ನನಗೆ ಎರಡು ಮಳೆಗಾಲ ಬೇಕಾಯಿತು. ಲಿಸ್ಬನ್‌ನಲ್ಲಿ ಬಿಟ್ಟ ಎಳೆಯನ್ನು ವಿಜಯನಗರದಲ್ಲಿ ಹುಡುಕಬೇಕಾಗಿ ಬಂದಾಗ ನಾಲ್ಕು ಪುಟ ಹಿಂದಕ್ಕೆ ಹೋಗಿ ಓದುತ್ತಿದ್ದೆ. ಆದರೂ ಕೈಬಿಡಲಿಲ್ಲ. ರಾಜನ ಅಪ್ಪಣೆಯಾಯಿತೆಂದು ತನ್ನ ನಂಬಿಕೆಯನ್ನೇ ಬಿಡಬೇಕಾದವರ ಸಂಕಟವನ್ನು ಅರ್ಥ ಮಾಡಿಕೊಳ್ಳಲು ಪೋರ್ಚುಗಲ್ಲಿನ ಚರಿತ್ರೆ ಗೊತ್ತಿರಬೇಕಾಗಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಮಾತಾಡಿದ್ದಕ್ಕಾಗಿ 2000ದಲ್ಲಿ ಬಾನು ಮುಷ್ತಾಕ್ ಮತ್ತು ಅವರ ಕುಟುಂಬ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರವನ್ನು ಎದುರಿಸಬೇಕಾಯಿತು. ಆಗ ನನ್ನ ಅಂಗಡಿಯ ಜಗಲಿಯಲ್ಲೂ ಅದೇ ಮಾತು. ಅವರ ಬರಹವೂ ಹಾಗೇ, ಸಮುದಾಯದ ಮರ್ಯಾದೆ ತೆಗೆಯುವಂಥದ್ದು ಎಂದು ಯಾರೋ ಅಂದರು. ನಾನೂ ತಲೆಯಾಡಿಸಿದೆ. ಅಷ್ಟು ಹೊತ್ತಿಗೆ ಅವರ ಎರಡು ಕಥಾಸಂಕಲನಗಳು ಬಂದಿದ್ದವು. ನಾನು ಒಂದು ಕತೆಯನ್ನೂ ಓದಿರಲಿಲ್ಲ.

2025ರ ಮೇ ತಿಂಗಳಲ್ಲಿ, ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. ಅದೇ ಜಗಲಿಯಲ್ಲಿ ಸಿಹಿ ಹಂಚಿದೆವು. ನಮ್ಮವರು, ನಮ್ಮ ಜಿಲ್ಲೆಯವರು ಎಂದೆವು. ಯಾವ ಕತೆ ಇಷ್ಟವಾಯಿತು ಎಂದು ಬಟ್ಟೆ ಕೊಡಲು ಬಂದ ಕಾಲೇಜು ಹುಡುಗಿಯೊಬ್ಬಳು ಕೇಳಿದಾಗ ಎಲ್ಲರೂ ಸುಮ್ಮನಾದೆವು. ಅಂದು ಓದದೆ ಬೈದಿದ್ದೆವು, ಇಂದು ಓದದೆ ಹೊಗಳುತ್ತಿದ್ದೆವು. ಎರಡರಲ್ಲೂ ನಾನಿದ್ದೆ.

ಆ ನಾಚಿಕೆಯಿಂದಲೇ ಅವರ ಕನ್ನಡ ಸಂಕಲನಗಳನ್ನು ಹುಡುಕಿ ಓದಿದೆ. ನನ್ನನ್ನು ತಡೆದು ನಿಲ್ಲಿಸಿದ್ದು ಕಫನ್ ಬಟ್ಟೆಯ ಕತೆ. ಹಜ್ಜಿಗೆ ಹೊರಟ ಶ್ರೀಮಂತ ಮನೆಯ ಶಾಝಿಯಾಳ ಬಳಿ, ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡು ಎಂದು ಬಡ ಯಾಸೀನ್ ಬುವಾ ಕೇಳುತ್ತಾಳೆ. ಶಾಝಿಯಾ ಮರೆಯುತ್ತಾಳೆ. ಮುಂದೆ ಬುವಾ ತೀರಿಕೊಂಡ ದಿನ ಅವಳ ಮಗ ಆ ಕಫನ್ ಕೇಳಿಕೊಂಡು ಬರುತ್ತಾನೆ. ಕಫನ್ ಎಂದರೆ ಹೊಲಿಗೆ ಇಲ್ಲದ ಬಟ್ಟೆ, ದರ್ಜಿಗೆ ಕೆಲಸ ಕೊಡದ ಬಟ್ಟೆ. ಅಲ್ಲಿ ಬಡವ ಬಲ್ಲಿದ ಒಂದೇ ಎಂದು ಎಷ್ಟೋ ಬಯಾನ್‌ಗಳಲ್ಲಿ ಕೇಳಿದ್ದೇನೆ. ಆ ಬಟ್ಟೆ ತರುವುದರಲ್ಲೂ ಬಡವಳ ಕೋರಿಕೆ ಹೇಗೆ ಹಗುರವಾಗುತ್ತದೆ ಎಂಬುದನ್ನು ಈ ಕತೆ ತೋರಿಸಿತು. ಧರ್ಮದ ವಿರುದ್ಧ ಇದರಲ್ಲಿ ಒಂದು ಮಾತೂ ನನಗೆ ಕಾಣಲಿಲ್ಲ. ಧರ್ಮ ಕಲಿಸಿದ್ದನ್ನು ಮರೆತವರ ವಿರುದ್ಧ ಇದೆ.

ಎಲ್ಲವೂ ಮೆಚ್ಚಿಗೆಯಾಯಿತು ಎನ್ನಲಾರೆ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004) ಚಿತ್ರಕ್ಕೆ ಆಧಾರವಾದ 'ಕರಿ ನಾಗರಗಳು' ಕತೆಯಲ್ಲೂ ಇನ್ನು ಕೆಲವದರಲ್ಲೂ ಗಂಡಸರು ಒಂದೇ ಅಳತೆಗೆ ಕತ್ತರಿಸಿದ ಅಂಗಿಗಳಂತೆ ಕಂಡರು. ಇದನ್ನು ಮನೆಯಲ್ಲಿ ಹೇಳಿದೆ. ಕಾಜಾ ಹಾಕುತ್ತಿದ್ದ ನನ್ನ ಹೆಂಡತಿ ತಲೆ ಎತ್ತದೆ, "ಒಂದೇ ಅಳತೆಯ ಅಂಗಿ ಇಷ್ಟು ಜನಕ್ಕೆ ಸರಿಹೋಗುತ್ತಿದೆಯಲ್ಲ, ಅದನ್ನು ನೋಡಿ" ಎಂದಳು. ಕಲೆಯ ದೃಷ್ಟಿಯಿಂದ ನನ್ನ ಆಕ್ಷೇಪ ಉಳಿದಿದೆ. ಆದರೆ ಅವಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ವಿವೇಕ ಶಾನಭಾಗರ 'ಸಕೀನಾಳ ಮುತ್ತು' (2021) ಕಾದಂಬರಿಯನ್ನು ಹೆಸರು ನೋಡಿಯೇ ತೆಗೆದುಕೊಂಡಿದ್ದೆ. ಮುಸ್ಲಿಂ ಹುಡುಗಿಯ ಪ್ರೇಮಕತೆ ಇರಬೇಕು, ನಮ್ಮ ಬಗ್ಗೆ ಏನು ಬರೆದಿದ್ದಾರೋ ನೋಡೋಣ ಎಂಬ ಅನುಮಾನವೂ ಇತ್ತು. ಓದಿದರೆ ಅದು ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ನಂಬಿ ಮೇಲೆ ಬಂದ, ಮನೆಯೊಳಗಿನ ಹೆಂಡತಿ-ಮಗಳನ್ನೇ ಅರಿಯದ ನಗರದ ನೌಕರನೊಬ್ಬನ ಕತೆ. 'ಸಕೀನಾ' ಎಂಬುದು ಅಸ್ಪಷ್ಟ ಕೈಬರಹವನ್ನು ಹಾಗೆ ಓದಿಕೊಂಡದ್ದರಿಂದ ಹುಟ್ಟಿದ ಹೆಸರು! ನಾನೂ ಹೆಸರೊಂದನ್ನು ಹಿಡಿದು ಇಡೀ ಕತೆ ಕಟ್ಟಿಕೊಂಡಿದ್ದೆನಲ್ಲ ಎಂದು ನಗು ಬಂತು, ಸ್ವಲ್ಪ ಭಯವೂ ಆಯಿತು. ಇಂದಿನ ದಿನಗಳಲ್ಲಿ ಒಂದು ಹೆಸರು ಸಾಕು, ಉಳಿದದ್ದನ್ನು ಜನ ತಾವೇ ಕಟ್ಟಿಕೊಳ್ಳುತ್ತಾರೆ. ನಮ್ಮ ಹೆಸರುಗಳನ್ನು ಇತರರು ಹಾಗೆ ಓದಿದಾಗ ನೋಯುವ ನಾವು, ಇತರರ ಪುಸ್ತಕಗಳನ್ನೂ ನಮ್ಮವರ ಪುಸ್ತಕಗಳನ್ನೂ ಹಾಗೇ ಓದಿದರೆ ದೂರುವ ಅರ್ಹತೆ ಎಲ್ಲಿ ಉಳಿಯುತ್ತದೆ?

ದುಡಿಯುವವನಿಗೆ ಓದಲು ಸಮಯವಿಲ್ಲ ಎಂಬುದು ನಿಜ. ಆದರೆ ಅಭಿಪ್ರಾಯ ಹೇಳಲು ನಮಗೆ ಎಂದೂ ಸಮಯದ ಕೊರತೆಯಾದದ್ದಿಲ್ಲ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕಬಾರದು ಎಂದು ನನ್ನ ಉಸ್ತಾದರು ಮೊದಲ ದಿನವೇ ಕಲಿಸಿದ್ದರು. ಪುಸ್ತಕಕ್ಕೂ ಅದು ಅನ್ವಯಿಸುತ್ತದೆ ಎಂದು ತಿಳಿಯಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು. ಈಗ ಜಗಲಿಯಲ್ಲಿ ಯಾರಾದರೂ ಪುಸ್ತಕವನ್ನು ಬೈದರೆ ಅಥವಾ ಹೊಗಳಿದರೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಓದಿದ್ದೀರಾ? ಇಲ್ಲ ಎಂದವರಿಗೆ ಕೊಡಲು ಮೇಜಿನ ಕೆಳಗೆ ಒಂದು ಪ್ರತಿ ಇಟ್ಟುಕೊಂಡಿದ್ದೇನೆ.