ತಲೆ ತೆಗೆದ ಮೀನು

ಸಿನಿಮಾಕ್ಕೆ ರಿವ್ಯೂ ಬರೀತೀವಿ, ಫೋನಿಗೆ ಬರೀತೀವಿ, ದೊನ್ನೆ ಬಿರಿಯಾನಿಗಂತೂ ಬರೀತಾನೇ ಇರ್ತೀವಿ. ಪ್ರತಿ ಭಾನುವಾರ ನಾವು ಕ್ಯೂ ನಿಲ್ಲುವ ಸೂಪರ್‌ಮಾರ್ಕೆಟ್ಟಿನ ಮೀನಿನ ಕೌಂಟರಿಗೆ ಮಾತ್ರ ಯಾರೂ ಬರೆದದ್ದು ನೋಡಿಲ್ಲ. ಬೆಂಗಳೂರಿಗೆ ಬಂದ ಮೇಲೆ ಹತ್ತಾರು ಕೌಂಟರುಗಳ ಮುಂದೆ ನಿಂತಿದ್ದೇನೆ, ಹಾಗಾಗಿ ಈ ಕೆಲಸ ನಾನೇ ಮಾಡ್ತೀನಿ.

ಮೊದಲು ಹೊಗಳಿಕೆ. ಕೌಂಟರು ಸ್ವಚ್ಛ. ತೂಕದ ಯಂತ್ರದ ಅಂಕಿ ನಮಗೂ ಕಾಣತ್ತೆ, ಬಿಲ್ ಕೊಡ್ತಾರೆ. ಕೆಲವು ಕಡೆ ಇಡೀ ಮೀನಿನ ತೂಕ, ಕ್ಲೀನ್ ಮಾಡಿದ ಮೇಲಿನ ತೂಕ ಎರಡನ್ನೂ ಬರೆದಿರ್ತಾರೆ. ಇದು ಸಣ್ಣ ಪ್ರಾಮಾಣಿಕತೆ ಅಲ್ಲ. ಒಂದು ಕೆಜಿ ಬಂಗುಡೆಯ ತಲೆ, ಹೊಟ್ಟೆ ತೆಗೆದರೆ ಮುಕ್ಕಾಲು ಕೆಜಿಯೂ ಉಳಿಯಲ್ಲ ಅನ್ನೋದು ಮೊದಲೇ ಗೊತ್ತಿದ್ದರೆ ಬೆಲೆ ಹೋಲಿಸೋದು ಸುಲಭ.

ತಕರಾರು ಇರೋದು ಆ ತೆಗೆದ ತಲೆಯ ಬಗ್ಗೆ. ಮೀನು ತಾಜಾ ಇದೆಯಾ ಅಂತ ಹೇಳುವ ಸಾಕ್ಷಿಯೆಲ್ಲ ಇರೋದು ತಲೆಯಲ್ಲಿ, ಹೊಟ್ಟೆಯಲ್ಲಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಐಸ್ ತಾಗಿಯೂ ಕಣ್ಣು ಮಂಜಾಗತ್ತೆ, ಆದ್ದರಿಂದ ಕಣ್ಣೊಂದನ್ನೇ ನಂಬಬಾರದು, ಕಿವಿರು ಎತ್ತಿ ನೋಡಬೇಕು. ಕೆಂಪಗಿದ್ದರೆ ಸರಿ, ಕಂದು ಅಥವಾ ಬೂದಿ ಬಣ್ಣಕ್ಕೆ ತಿರುಗಿದ್ದರೆ ಮುಂದೆ ಹೋಗಿ. ಬೂತಾಯಿಯ ಹೊಟ್ಟೆ ಒಡೆದಿದ್ದರೆ ಬೇರೇನೂ ನೋಡಬೇಕಾಗಿಲ್ಲ. ಬೆರಳಲ್ಲಿ ಒತ್ತಿದರೆ ಗುಳಿ ಮತ್ತೆ ತುಂಬಬೇಕು. ಈಗ ಕೌಂಟರು ನಮಗೆ ಏನು ಕೊಡ್ತಿದೆ ನೋಡಿ: ತಲೆ ಇಲ್ಲದ, ಚರ್ಮ ಇಲ್ಲದ, ಪ್ಲಾಸ್ಟಿಕ್ ಹೊದ್ದ ಬಿಳಿ ತುಂಡು. ಆಫೀಸಿನಲ್ಲಿ ಸರ್ವರ್ ಬಿದ್ದಾಗ ಯಾರಾದರೂ ಲಾಗ್ ಫೈಲ್ ಅಳಿಸಿ, 'ಎಲ್ಲ ಸರಿ ಇದೆ ಸರ್' ಅಂದರೆ ಒಪ್ತೀವಾ?

ಚರ್ಮ ಇಲ್ಲದ ಫಿಲೆಯಲ್ಲಿ ಅದು ಯಾವ ಮೀನು ಅನ್ನೋದೂ ಕಾಣಲ್ಲ. ಬಾಸಾ ಅಂತ ಮಾರೋದು ವಿಯೆಟ್ನಾಂನಲ್ಲಿ ಸಾಕಿ ಬೆಳೆಸುವ ಸಿಹಿನೀರಿನ ಮೀನು. ಅದೇ ಕುಲದ ಮೀನನ್ನು ಆಂಧ್ರದ ಕೆರೆಗಳಲ್ಲೂ ಸಾಕ್ತಾರೆ. ತಿನ್ನೋಕೆ ಅಡ್ಡಿಯಿಲ್ಲ. ಆದರೆ 'ವೈಟ್ ಫಿಶ್ ಫಿಲೆ' ಅಂತಷ್ಟೇ ಬರೆದಿದ್ದರೆ ದುಡ್ಡು ಯಾವುದಕ್ಕೆ ಕೊಡ್ತಿದೀವಿ ಅಂತ ಕೇಳಬೇಕಾಗತ್ತೆ.

ಎರಡನೆಯದು ದಿನಾಂಕ. ಲೇಬಲ್ ಮೇಲೆ 'ಪ್ಯಾಕ್ ಮಾಡಿದ ದಿನ' ಇರತ್ತೆ. ಅದು ಮೀನು ಪ್ಲಾಸ್ಟಿಕ್ ಒಳಗೆ ಹೋದ ದಿನ. ನೀರಿನಿಂದ ಹೊರಗೆ ಬಂದ ದಿನ ಎಲ್ಲಿಯೂ ಇಲ್ಲ. ಮಲ್ಪೆಯಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಹೊರಡುವ ದೊಡ್ಡ ಟ್ರಾಲ್ ಬೋಟುಗಳು ವಾರ, ಹತ್ತು ದಿನ ಸಮುದ್ರದಲ್ಲೇ ಇರ್ತವೆ. ಮೊದಲ ದಿನದ ಬಲೆಗೆ ಬಿದ್ದದ್ದೂ ಕೊನೆಯ ದಿನ ಬಿದ್ದದ್ದೂ ಒಟ್ಟಿಗೆ ದಡಕ್ಕೆ ಬರತ್ತೆ, ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಇಳಿಯತ್ತೆ. 'ಇವತ್ತು ಬೆಳಿಗ್ಗೆ ಬಂತು ಸರ್' ಅನ್ನೋ ಮಾತು ಸುಳ್ಳಲ್ಲ. ಬಂದದ್ದು ಬೆಳಿಗ್ಗೆಯೇ.

ಬೋಟಿನಲ್ಲಿ ಸರಿಯಾಗಿ ಐಸ್ ಹಾಕಿದ್ದರೆ ವಾರದ ಮೀನೂ ಚೆನ್ನಾಗೇ ಇರತ್ತೆ. ದಿನಕ್ಕಿಂತ ತಾಪಮಾನ ಮುಖ್ಯ. ಸೊನ್ನೆ ಡಿಗ್ರಿಯಲ್ಲಿ ಕೆಡುವುದಕ್ಕಿಂತ 5 ಡಿಗ್ರಿಯಲ್ಲಿ ಸುಮಾರು ಎರಡು ಪಟ್ಟು, 10ರಲ್ಲಿ ನಾಲ್ಕು ಪಟ್ಟು ವೇಗವಾಗಿ ಮೀನು ಕೆಡತ್ತೆ. ಇದನ್ನು ತಲೆಯಲ್ಲಿಟ್ಟುಕೊಂಡು ನಮ್ಮ ಕೌಂಟರಿನ ಐಸ್ ನೋಡಿ. ಐಸಿನ ಹಾಸಿಗೆ ಇದೆ, ಹೊದಿಕೆ ಇಲ್ಲ. ತುಂಡುಗಳನ್ನು ಐಸ್ ಮೇಲೆ ರಂಗೋಲಿಯ ಹಾಗೆ ಜೋಡಿಸಿ ನಿಂಬೆಹಣ್ಣು ಇಟ್ಟಿರ್ತಾರೆ. ಕೆಳಗಿನ ಮೈ ತಣ್ಣಗೆ, ಮೇಲಿನ ಮೈ ಲೈಟಿನ ಕೆಳಗೆ. ಮಲ್ಪೆಯಲ್ಲಿ ಬುಟ್ಟಿ ಹೊರುವ ಯಾರನ್ನಾದರೂ ಕೇಳಿ, ಮೀನಿನ ಕೆಳಗೂ ಐಸ್, ಮೇಲೂ ಐಸ್ ಅಂತಾರೆ. ಬಂಗುಡೆ, ಬೂತಾಯಿ, ಟ್ಯೂನಾ ಬಿಸಿಯಲ್ಲಿ ಉಳಿದರೆ ಹಿಸ್ಟಮಿನ್ ಉಂಟಾಗತ್ತೆ. ಮುಖ ಕೆಂಪಾಗೋದು, ತುರಿಕೆ, ತಲೆನೋವು ಅದರಿಂದಲೇ. ಒಮ್ಮೆ ಉಂಟಾದ ಮೇಲೆ ಹುರಿದರೂ ಫ್ರೀಜರಿನಲ್ಲಿಟ್ಟರೂ ಅದು ಹೋಗಲ್ಲ.

ಇನ್ನು 'ಫ್ರೆಶ್' ಅನ್ನೋ ಬೋರ್ಡು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತರುವ ಅಷ್ಟಿಷ್ಟು ಮೀನು ಅಲ್ಲೇ ಕರಾವಳಿಯಲ್ಲೇ ಖರ್ಚಾಗತ್ತೆ. ಆದರೂ ಜುಲೈ ತಿಂಗಳ ನಮ್ಮ ಕೌಂಟರಿನಲ್ಲಿ ಅಂಜಲ್, ಪಾಂಪ್ಲೆಟ್, ಸಿಗಡಿ ಎಲ್ಲವೂ 'ಫ್ರೆಶ್'. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಅಲ್ಲಿಯದ್ದಿರಬಹುದು, ಹೊರದೇಶದ್ದಿರಬಹುದು, ಫ್ರೀಜರಿನಲ್ಲಿದ್ದದ್ದನ್ನು ಕರಗಿಸಿ ಇಟ್ಟಿರಬಹುದು. ಮೂರೂ ತಪ್ಪಲ್ಲ. ಹೇಳದೆ ಇರೋದು ತಪ್ಪು. ಯುರೋಪಿಯನ್ ಒಕ್ಕೂಟದ ಅಂಗಡಿಗಳಲ್ಲಿ ಮೀನಿನ ವೈಜ್ಞಾನಿಕ ಹೆಸರು, ಹಿಡಿದ ಸಮುದ್ರ, ಬಲೆಯ ಬಗೆ, ಒಮ್ಮೆ ಹೆಪ್ಪುಗಟ್ಟಿಸಿ ಕರಗಿಸಿದ್ದೇ ಅನ್ನೋದನ್ನೆಲ್ಲ ಬರೀಬೇಕು ಅಂತ ನಿಯಮವೇ ಇದೆ. ಕರಗಿಸಿದ ಮೀನನ್ನು ಫ್ರೆಶ್ ಅಂತ ಕೊಂಡು ಮನೆಯಲ್ಲಿ ಮತ್ತೆ ಫ್ರೀಜರಿಗೆ ಹಾಕುವವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಎಷ್ಟೋ ಜನ. ಅದಕ್ಕಿಂತ ಹಿಡಿದ ಕೂಡಲೇ ಹೆಪ್ಪುಗಟ್ಟಿಸಿದ, ಹಾಗೆಂದು ಬರೆದ ಪ್ಯಾಕೆಟ್ಟೇ ವಾಸಿ.

ಇಷ್ಟು ಹೇಳಿದ್ದಕ್ಕೆ ಊರಿನ ಮೀನು ಮಾರುಕಟ್ಟೆಯೇ ಸ್ವರ್ಗ ಅಂತ ಹಾಡ್ತಿದೀನಿ ಅಂದ್ಕೋಬೇಡಿ. ಕುಂದಾಪುರದ ಕಡೆ ನಮ್ಮ ಮನೆ ಬಾಗಿಲಿಗೆ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸೂ ಮೇಲೆ ಹೊಸತು, ಅಡಿಗೆ ಹಳತು ಇಡುತ್ತಿದ್ದವಳೇ. ಅಮ್ಮ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ಮೀನು ಎತ್ತಿ, 'ಇದ್ ನಿನ್ನೆದ್ ಮಾರಾಯ್ತಿ' ಅಂದರೆ ಆಕೆ ನಕ್ಕು ಬದಲಿಸಿ ಕೊಡುತ್ತಿದ್ದಳು, ನಾಳೆಯೂ ಅದೇ ಬಾಗಿಲಿಗೆ ಬರಬೇಕಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ತಳಕ್ಕೆ ಕೈ ಹಾಕೋ ಹಾಗಿಲ್ಲ. ಕೌಂಟರಿನ ಹುಡುಗ ಮುಂದಿನ ತಿಂಗಳು ಇನ್ನೊಂದು ಬ್ರಾಂಚಿನಲ್ಲಿ ಇರ್ತಾನೆ, ಮೀನು ಕೆಟ್ಟಿದ್ದರೆ ಸಿಗೋದು ಒಂದು ಕಸ್ಟಮರ್ ಕೇರ್ ನಂಬರ್.

ಅದೇ ಕೌಂಟರಿನ ಇನ್ನೊಂದು ತುದಿಗೆ ಹೋಗಿ ನೋಡಿ. ಕಾಟ್ಲಾ, ರೋಹು ಇಡಿಯಾಗಿ, ತಲೆಸಮೇತ ಮಲಗಿರ್ತವೆ. ಯಾಕಂದ್ರೆ ಅಲ್ಲಿ ಬಂಗಾಳಿ ಗಿರಾಕಿಗಳು ಬರ್ತಾರೆ. ಕಿವಿರು ಎತ್ತಿಸಿ ನೋಡ್ತಾರೆ, ಇದು ಬೇಡ ಅದು ಕೊಡು ಅಂತಾರೆ, ತಲೆ ಎಸೆದರೆ ಜಗಳಕ್ಕೇ ನಿಲ್ತಾರೆ. ನಾವು ಐಟಿಯವರು, ಅದರಲ್ಲೂ ಊರು ಬಿಟ್ಟು ಬಂದವರು, ಎಸಿಯ ತಂಪಿನಲ್ಲಿ ನಿಂತು ಮೀನಿನ ಕಿವಿರು ಎತ್ತಿಸಿದರೆ ಹಳ್ಳಿಯವರ ಹಾಗೆ ಕಾಣ್ತೀವೇನೋ ಅಂತ ಮುಜುಗರಪಟ್ಕೊಂಡು ಸ್ಟಿಕರ್ ಓದಿ ಬುಟ್ಟಿಗೆ ಹಾಕ್ಕೊಳ್ತೀವಿ. ಅಮ್ಮಂದಿರಿಂದ ಬಂದ ಒಂದು ವಿದ್ಯೆಯನ್ನು ಬಿಲ್ಲಿಂಗ್ ಕೌಂಟರಿನ ಮರ್ಯಾದೆಗೆ ಒತ್ತೆ ಇಟ್ಟ ಹಾಗಾಯ್ತು.

ಫಾರ್ಮಾಲಿನ್ ವಿಷಯಕ್ಕೂ ಬರ್ತೀನಿ. 2018ರಲ್ಲಿ ಕೇರಳದ ಚೆಕ್‌ಪೋಸ್ಟುಗಳಲ್ಲಿ ಫಾರ್ಮಾಲಿನ್ ಹಾಕಿದ ಮೀನು ಸಿಕ್ಕಿಬಿದ್ದ ಮೇಲೆ 'ನೊಣ ಕೂತರೆ ಒಳ್ಳೆ ಮೀನು' ಅನ್ನೋ ವಾಟ್ಸಾಪ್ ಪರೀಕ್ಷೆ ಈಗಲೂ ಓಡಾಡ್ತಿದೆ. ನೊಣವೇ ಇಲ್ಲದ ಮಾಲಿನಲ್ಲಿ ಈ ಪರೀಕ್ಷೆ ಮಾಡೋದು ಹೇಗೋ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಾಲಿನ್, ಅಮೋನಿಯಾ ಪತ್ತೆಗೆ ಕಾಗದದ ಪಟ್ಟಿಯ ಕಿಟ್ ಮಾಡಿದೆ. ದಿನಕ್ಕೊಂದು ಸಲ ಗಿರಾಕಿಗಳ ಎದುರೇ ಆ ಪಟ್ಟಿ ಒತ್ತಿ ತೋರಿಸೋದು ಇಷ್ಟು ದೊಡ್ಡ ಅಂಗಡಿಗೆ ಕಷ್ಟವೇನಲ್ಲ, ನಿಂಬೆಹಣ್ಣಿನ ಖರ್ಚಲ್ಲೇ ಆಗತ್ತೆ.

ನಾನು ಇಡೀ ಮೀನು ಇದ್ದರೆ ಅದನ್ನೇ ಆರಿಸಿ, ಎದುರಿಗೇ ಕ್ಲೀನ್ ಮಾಡಿಸ್ತೀನಿ. ತುಂಡೇ ತಗೊಳ್ಳಬೇಕಾದರೆ ನಡುಮುಳ್ಳಿನ ಪಕ್ಕದ ರಕ್ತ ನೋಡ್ತೀನಿ: ಕೆಂಪಗಿರಬೇಕು, ಕಂದಾಗಿರಬಾರದು. ಟ್ರೇಯಲ್ಲಿ ನೀರು ನಿಂತಿದ್ದರೆ, ಮಾಂಸದ ಪದರ ಬಿಟ್ಟುಕೊಂಡಿದ್ದರೆ ಬಿಡ್ತೀನಿ. ಸಿಗಡಿಯ ತಲೆ ಕಪ್ಪಾಗಿದ್ದರೆ ಅದನ್ನೂ. 'ಎಲ್ಲಿಂದ ಬಂತು, ಯಾವತ್ತು ಬಂತು, ಫ್ರೀಜ್ ಮಾಡಿದ್ದಾ?' ಅಂತ ಗಟ್ಟಿಯಾಗೇ ಕೇಳ್ತೀನಿ, ಹಿಂದೆ ನಿಂತವರಿಗೂ ಕೇಳಿಸೋ ಹಾಗೆ.

ನಮ್ಮ ಮನೆ ಹತ್ತಿರದ ಕೌಂಟರಿನಲ್ಲಿ ಈಗ ಬಂಗುಡೆಯನ್ನು ತಲೆಸಮೇತ ಇಡ್ತಾರೆ. ಅಂಜಲ್ ಇನ್ನೂ ತುಂಡಾಗಿಯೇ ಬರತ್ತೆ.