ಒಂದು ಸ್ಟೇಷನ್ ಸಾಕು

ಯಲಹಂಕದ ನಮ್ಮ ಬೀದಿಯ ಕೊನೇ ಮನೆಯ ಹುಡುಗ ಎರಡನೇ ಪಿಯುಸಿ ಓದುತ್ತಾನೆ. ಹೋದ ಭಾನುವಾರ ನೋಟ್‌ಬುಕ್ ಹಿಡಿದುಕೊಂಡು ನಮ್ಮನೆಗೆ ಬಂದ. ಮಾದರಿ ರೈಲು ಕಟ್ಟುವ ಹುಚ್ಚು ಹತ್ತಿ ಮೂರು ತಿಂಗಳಾಯಿತಂತೆ. ನೋಟ್‌ಬುಕ್ಕಿನ ತುಂಬ ಪಟ್ಟಿ. ಮೊದಲ ಪುಟದಲ್ಲಿ ವಂದೇ ಭಾರತ್, ಎರಡನೆಯದರಲ್ಲಿ ಜಪಾನಿನ ಶಿಂಕಾನ್‌ಸೆನ್, ಆಮೇಲೆ ಜರ್ಮನಿಯ ಕಪ್ಪು ಉಗಿ ಎಂಜಿನ್, ಅಮೆರಿಕದ ಮೈಲುದ್ದದ ಗೂಡ್ಸು, ಡಾರ್ಜಿಲಿಂಗಿನ ಪುಟಾಣಿ ಗಾಡಿ. ಕೊನೇ ಪುಟದಲ್ಲಿ ಎಂಟಡಿ-ನಾಲ್ಕಡಿ ಪ್ಲೈವುಡ್ಡಿನ ಮೇಲೆ ಬೆಟ್ಟ, ಸುರಂಗ, ಬಂದರು, ಮೂರು ಸುತ್ತು ಹಳಿ ಬರೆದ ನಕ್ಷೆ. ಕೈಯಲ್ಲಿರುವ ದುಡ್ಡು ಎಂಟು ಸಾವಿರ.

"ಎಲ್ಲಿಂದ ಶುರು ಮಾಡ್ಲಿ ಅಂಕಲ್? ಬರೀ ವಿಡಿಯೊ ನೋಡ್ತಾ ಕೂತಿದೀನಿ, ಒಂದು ಮೊಳೆನೂ ಹೊಡೆದಿಲ್ಲ" ಅಂದ.

ಆ ಪಟ್ಟಿ ಓದುತ್ತಾ ನನ್ನ ಹಳೆಯ ಪಾಪಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ನಾನು ಶುರು ಮಾಡಿದಾಗ ಪರದೇಶಕ್ಕೆ ಹೋಗಿಬರುವ ನೆಂಟರಿಷ್ಟರಿಗೆಲ್ಲ "ರೈಲು ಸಿಕ್ಕಿದರೆ ತನ್ನಿ" ಅಂತ ಹೇಳಿಟ್ಟಿದ್ದೆ. ಯಾವ ರೈಲು ಅಂತ ಹೇಳಿರಲಿಲ್ಲ. ಒಬ್ಬರು ಲಂಡನ್ನಿನಿಂದ ಒಂದು ಎಂಜಿನ್ ತಂದರು, ನಮ್ಮ ಭಾವ ಫ್ರಾಂಕ್‌ಫರ್ಟಿನಿಂದ ಎರಡು ಡಬ್ಬಿ, ಇನ್ನೊಬ್ಬರು ಷಿಕಾಗೊದಿಂದ ಗೂಡ್ಸ್ ವ್ಯಾಗನ್. ಮೂರೂ 16.5 ಮಿಲಿಮೀಟರ್ ಅಗಲದ ಒಂದೇ ಹಳಿಯ ಮೇಲೆ ಓಡುತ್ತವೆ ಎಂದು ಹಿಗ್ಗಿದ್ದೆ. ಓಡಿದವು ಕೂಡ. ಆದರೆ ಇಂಗ್ಲೆಂಡಿನವರ ಓಓ ಸ್ಕೇಲಿನಲ್ಲಿ ಮಾದರಿಯು ನಿಜದ 76ನೇ ಒಂದು ಭಾಗ, ಮಿಕ್ಕವರ ಎಚ್‌ಒದಲ್ಲಿ 87ನೇ ಒಂದು ಭಾಗ. ಜೋಡಿಸಿ ನಿಲ್ಲಿಸಿದರೆ ಅಣ್ಣನ ಕೋಟು ತೊಟ್ಟ ತಮ್ಮನ ಹಾಗೆ ಎಂಜಿನ್ನು ಊದಿಕೊಂಡು ಕಾಣುತ್ತಿತ್ತು. ಜರ್ಮನ್ ಡಬ್ಬಿಯ ಕೊಂಡಿಗೂ ಅಮೆರಿಕದ ವ್ಯಾಗನ್ನಿನ ಮುಷ್ಟಿಯಂಥ ಕೊಂಡಿಗೂ ಹೊಂದಾಣಿಕೆಯೇ ಇಲ್ಲ. ಹೂ ಕಟ್ಟುವ ದಾರದಲ್ಲಿ ಕಟ್ಟಿ ಎಳೆಸಿದೆ.

ಇನ್ನು ಹಲಗೆಯ ಕಥೆ. ಅಮೆರಿಕದ ಪುಸ್ತಕಗಳೆಲ್ಲ ಹೊಸಬರಿಗೆ ಎಂಟು-ನಾಲ್ಕರ ಹಲಗೆ ತೋರಿಸುತ್ತವೆ, ಯಾಕೆಂದರೆ ಅಲ್ಲಿ ಪ್ಲೈವುಡ್ ಆ ಅಳತೆಯಲ್ಲೇ ಬರುತ್ತದೆ. ನಮ್ಮಲ್ಲೂ ಹಾಗೇ ಬರುತ್ತದೆ. ತಂದು ಕೋಣೆಯ ಮೂಲೆಗೆ ಒತ್ತಿ ಇಟ್ಟೆ. ನನ್ನ ತೋಳು ಎಟಕುವುದು ಎರಡೂವರೆ ಅಡಿ, ರೈಲು ಹಳಿ ತಪ್ಪುತ್ತಿದ್ದುದು ಯಾವಾಗಲೂ ನಾಲ್ಕನೇ ಅಡಿಯಲ್ಲಿ. ಒಂದು ದಿನ ಮಂಡಿಯೂರಿ ಹಲಗೆ ಹತ್ತಿದೆ, ಸುರಂಗ ಕುಸಿಯಿತು. ಮಳೆಗಾಲದಲ್ಲಿ ಪ್ಲೈವುಡ್ ಸೊಟ್ಟಗಾಯಿತು. ಮುಂದೆ ಎರಡು ವರ್ಷ ನಮ್ಮ ಮನೆಯವರು ಅದರ ಮೇಲೆ ಹಪ್ಪಳ, ಸಂಡಿಗೆ ಒಣಗಿಸಿದರು.

ಈ ಹವ್ಯಾಸದಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ "ಯಾವ ಸ್ಕೇಲು?" ಎಂಬುದು. ಅದು ನಾಲ್ಕನೆಯ ಪ್ರಶ್ನೆ ಆಗಬೇಕು ಎನ್ನುವುದು ಇಷ್ಟು ವರ್ಷದ ಮೇಲೆ ನನ್ನ ಅಭಿಪ್ರಾಯ. ಮೊದಲನೆಯದು, ಯಾವ ಜಾಗ? ಎರಡನೆಯದು, ಯಾವ ವರ್ಷ? ಮೂರನೆಯದು, ಅಲ್ಲಿ ರೈಲು ಮಾಡುವ ಕೆಲಸವೇನು? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಸ್ಕೇಲು, ಎಂಜಿನ್ನು, ಹಲಗೆ ಎಲ್ಲ ತಾವಾಗಿಯೇ ತೀರ್ಮಾನವಾಗುತ್ತವೆ. ನೋಟ್‌ಬುಕ್ಕಿನ ಪಟ್ಟಿಯಲ್ಲಿ ಮುಕ್ಕಾಲು ಭಾಗ ಅಲ್ಲಿಗೇ ಅಳಿಸಿಹೋಗುತ್ತದೆ. ಹುಡುಗನಿಗೆ ಅಳಿಸುವುದೇ ಸಂಕಟ.

"ವಂದೇ ಭಾರತ್ ಬೇಡ್ವಾ?" ಅಂತ ಎರಡು ಸಲ ಕೇಳಿದ. ಬೇಡ ಅನ್ನುವ ಬದಲು ಲೆಕ್ಕ ಹಾಕಿಸಿದೆ. ವಂದೇ ಭಾರತ್ ಹಾಗಿರಲಿ, ನಾವೆಲ್ಲ ಓಡಾಡಿದ ಹಳೆಯ ನೀಲಿ ಐಸಿಎಫ್ ಡಬ್ಬಿಯನ್ನೇ ತೆಗೆದುಕೋ. ಉದ್ದ 21.3 ಮೀಟರ್ ಚಿಲ್ಲರೆ. ಎಚ್‌ಒದಲ್ಲಿ 24.5 ಸೆಂಟಿಮೀಟರ್. ಹದಿನಾರು ಡಬ್ಬಿ ಹಾಕಿ ಎಂಜಿನ್ ಸೇರಿಸಿದರೆ ನಾಲ್ಕು ಮೀಟರ್ ದಾಟುತ್ತದೆ. ಅವನ ಕೋಣೆ ಹತ್ತಡಿ. ರೈಲಿನ ತಲೆ ಕೋಣೆಯಲ್ಲಿದ್ದರೆ ಬಾಲ ಅಡುಗೆಮನೆಯಲ್ಲಿ. ಅದನ್ನು ತಿರುಗಿಸಲು ಬೇಕಾಗುವ ಅಗಲವಾದ ತಿರುವು ಬಾಡಿಗೆ ಮನೆಯಲ್ಲಿ ಎಲ್ಲಿಂದ ಬರಬೇಕು? ಎಕ್ಸ್‌ಪ್ರೆಸ್ ಗಾಡಿ ಬೇಕೇ ಬೇಕೆಂದರೆ ಒಂದು ಡಬ್ಬಿ ಕೊಂಡು ಗಾಜಿನ ಷೋಕೇಸಿನಲ್ಲಿಡು. ಚೆನ್ನಾಗಿ ಕಾಣುತ್ತದೆ.

ಇನ್ನೊಂದು ತೊಡಕೂ ಇದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ ಯುರೋಪು, ಅಮೆರಿಕಗಳ 1435 ಮಿ.ಮೀ. ಗೇಜಿಗೆ ಮಾಡಿದ್ದು, ಅದೇ 16.5. ಅದರ ಮೇಲೆ ಓಡುವ ನಮ್ಮ ಬ್ರಾಡ್‌ಗೇಜ್ ಮಾದರಿಗಳೆಲ್ಲ ಹೀಗೆ ಸುಮಾರು ಮೂರು ಮಿಲಿಮೀಟರ್ ಕಿರಿದಾದ ದಾರಿಯಲ್ಲೇ ಸಾಗುತ್ತವೆ. ನನ್ನ ಕಣ್ಣು ಇದನ್ನು ಒಪ್ಪಿಕೊಂಡಿದೆ. ನನ್ನ ಸ್ನೇಹಿತರೊಬ್ಬರು ಇವತ್ತಿಗೂ ಒಪ್ಪಿಲ್ಲ, ಕೈಯಿಂದಲೇ ಹಳಿ ಕೂರಿಸುತ್ತಾರೆ, ವರ್ಷಕ್ಕೆ ಒಂದು ಮೀಟರ್.

ಹಾಗಾದರೆ ಯಾವ ಜಾಗ? ನಾನು ಹುಡುಗನಿಗೆ ಹೇಳಿದ್ದು ಇಷ್ಟೇ: ನಿನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಒಂದು ಕಥೆ ಬಿದ್ದಿದೆ. ಯಶವಂತಪುರದಿಂದ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಶ್ರೀನಿವಾಸಪುರ ಬಳಸಿಕೊಂಡು ಕೋಲಾರ, ಬಂಗಾರಪೇಟೆಗೆ ಹೋಗುತ್ತಿದ್ದ ನ್ಯಾರೋಗೇಜ್ ಮಾರ್ಗ. ಹಳಿಯ ಅಗಲ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಚಿಕ್ಕಬಳ್ಳಾಪುರದ ಕಡೆಯ ಭಾಗ 1915ರದು. 1990ರ ದಶಕದಲ್ಲಿ ಆ ಭಾಗ ಬ್ರಾಡ್‌ಗೇಜ್ ಆಯಿತು. ಹಳೆಯ ಸ್ಟೇಷನ್ ಕಟ್ಟಡಗಳು ಕೆಲವು ಇನ್ನೂ ನಿಂತಿವೆ, ನಂದಿ ಹಾಲ್ಟ್ ಅಂಥದ್ದೊಂದು.

ಇಲ್ಲಿ ಲೆಕ್ಕ ನಮ್ಮ ಕಡೆಗೆ ಒಲಿಯುತ್ತದೆ. 762ನ್ನು 87ರಿಂದ ಭಾಗಿಸು: 8.76 ಮಿ.ಮೀ. ಜಪಾನಿನ ಮನೆಗಳಲ್ಲಿ ಬಲು ಜನಪ್ರಿಯವಾದ ಎನ್ ಸ್ಕೇಲಿನ ಹಳಿ 9 ಮಿ.ಮೀ. ವ್ಯತ್ಯಾಸ ಕಾಲು ಮಿಲಿಮೀಟರ್. ಅಂದರೆ ಎನ್ ಸ್ಕೇಲಿನ ಒಂದು ಸಣ್ಣ ಎಂಜಿನ್ ಕೊಂಡು, ಮೇಲಿನ ಕವಚ ಕಳಚಿ ಪಕ್ಕಕ್ಕಿಟ್ಟು, ಕೆಳಗಿನ ಮೋಟಾರು-ಚಕ್ರದ ಚೌಕಟ್ಟಿನ ಮೇಲೆ ಎಚ್‌ಒ ಅಳತೆಯ ರಟ್ಟಿನ ಮೈ ಕೂರಿಸಿದರೆ ನ್ಯಾರೋಗೇಜ್ ಗಾಡಿ ಸಿದ್ಧ. ಯುರೋಪಿನವರು ಇದನ್ನು ಎಚ್‌ಒಇ ಎನ್ನುತ್ತಾರೆ. ಮನುಷ್ಯರು, ಎತ್ತಿನ ಗಾಡಿ, ಬಸ್ಸು ಎಲ್ಲ ಎಚ್‌ಒ ಅಳತೆಯವು, ಸುಲಭವಾಗಿ ಸಿಗುತ್ತವೆ. ಹಳಿ ಮಾತ್ರ ಪುಟ್ಟದು, ತಿರುವು ಚುರುಕಾದದ್ದು, ಗಾಡಿ ನಾಲ್ಕೈದು ಡಬ್ಬಿಯದು. ಎಂಟು ಸಾವಿರದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

"ಆ ರೈಲನ್ನ ನಾನು ನೋಡೇ ಇಲ್ವಲ್ಲ ಅಂಕಲ್" ಅಂದ. ಒಳ್ಳೆಯ ಆಕ್ಷೇಪಣೆ. ಆಗ ನಾನು ರಾಯ್ ಇಂಗ್ಲೆಂಡ್ ಎಂಬಾತನ ವಿಷಯ ಹೇಳಿದೆ. ಹೆಸರು ಇಂಗ್ಲೆಂಡ್, ಊರು ಆಸ್ಟ್ರೇಲಿಯ. 1925ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ ಈ ಯುವಕ ವೇಲ್ ಆಫ್ ವೈಟ್ ಹಾರ್ಸ್ ಎಂಬ ಕಣಿವೆಯ ಹಳ್ಳಿಗಳನ್ನು ಕಂಡು ಮರುಳಾದ. ಅವನ ಕಣ್ಣೆದುರೇ ಹುಲ್ಲು ಹೊದಿಸಿದ ಮನೆಗಳು ಒಂದೊಂದಾಗಿ ರೂಪ ಕಳೆದುಕೊಳ್ಳುತ್ತಿದ್ದವು. ಇದ್ದದ್ದನ್ನು ಇದ್ದ ಹಾಗೇ ಮಾದರಿಯಲ್ಲಿ ಉಳಿಸಬೇಕು ಅಂತ ಹಟ ಹಿಡಿದ. ಆ ಒಂದೇ ಕಣಿವೆ, ಎರಡು ಮಹಾಯುದ್ಧಗಳ ನಡುವಿನ ಆ ಒಂದೇ ಕಾಲ, ಅದರೊಳಗೆ ಓಡುವ ಆ ಒಂದೇ ಕಂಪನಿಯ ರೈಲು. ಜೀವನಪೂರ್ತಿ ಅದನ್ನೇ ಮಾಡಿದ. ಗೋಡೆಗಳು ರಟ್ಟಿನವು, ಬಣ್ಣ ಜಲವರ್ಣ. ಆಕ್ಸ್‌ಫರ್ಡ್‌ಷೈರಿನ ಲಾಂಗ್ ವಿಟನ್‌ಹ್ಯಾಂ ಹಳ್ಳಿಯಲ್ಲಿ ಪೆಂಡನ್ ಮ್ಯೂಸಿಯಂ ಎಂದು ಅದು ಬೆಳೆದು ನಿಂತಿದೆ. ಆತ ಕಾಲಿಟ್ಟದ್ದು ಪರದೇಶದ ಕಣಿವೆಗೆ, ನಿನ್ನದು ನಿನ್ನ ಊರೇ ಕಣೋ ಅಂದೆ. ಆ ನ್ಯಾರೋಗೇಜ್ ರೈಲು ಹತ್ತಿದವರು ನಮ್ಮ ಬೀದಿಯಲ್ಲೇ ಹತ್ತು ಜನ ಸಿಗುತ್ತಾರೆ.

ಹುಡುಗ ಸುಮ್ಮನೆ ತಲೆಯಾಡಿಸಿದ. ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ಸಣ್ಣದಾಗಿ ಶುರು ಮಾಡಿದರೆ ದೊಡ್ಡದು ಎಂದಿಗೂ ಆಗುವುದಿಲ್ಲ ಎಂಬ ಭಯ ಅವನದು. ಅದಕ್ಕೆ ಔಷಧಿ ಜಾನ್ ಅಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮನೆಯ ನೆಲಮಾಳಿಗೆ ತುಂಬ ಕಟ್ಟಿದ ಆತನ ‘ಗೋರಿ ಅಂಡ್ ಡಿಫೀಟೆಡ್’ ಮಾದರಿ ರೈಲುಮಾರ್ಗ ಅಮೆರಿಕದ ಹವ್ಯಾಸಿಗಳಿಗೆ ಕಾಶಿ ಇದ್ದ ಹಾಗೆ. ನೆಲದಿಂದ ಮಾಡಿನವರೆಗೆ ಬೆಟ್ಟ, ಪ್ರಪಾತ, ಸೇತುವೆ. ವ್ಯಾಗನ್ ಎಳೆಯಲು ಎಮ್ಮಾ ಎಂಬ ಡೈನೊಸಾರನ್ನೂ ಇಟ್ಟಿದ್ದ, ದೊಡ್ಡವರ ಚೇಷ್ಟೆ. ಆದರೆ ಅವನು ಮೊದಲು ಕಟ್ಟಿದ್ದು ಏಳಡಿ ಉದ್ದವೂ ಇಲ್ಲದ, ನಾಲ್ಕಡಿ ಅಗಲವೂ ಇಲ್ಲದ ಒಂದು ಹಲಗೆ. ಅದನ್ನು ಎಸೆಯದೆ ದೊಡ್ಡದರ ಒಡಲೊಳಗೆ ಹಾಗೇ ಸೇರಿಸಿದ. 1973ರ ಜನವರಿಯಲ್ಲಿ ಅಲೆನ್ ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ಉಳಿದದ್ದು ಅವನೇ ತೆಗೆದ ಫೋಟೋಗಳು. ನೀನೂ ಮಾಡುತ್ತಾ ಮಾಡುತ್ತಾ ಫೋಟೋ ತೆಗೆದಿಡು ಅಂತ ಸೇರಿಸಿದೆ.

ಮೂರನೆಯ ಪ್ರಶ್ನೆ ಉಳಿಯಿತು: ರೈಲಿಗೆ ಏನು ಕೆಲಸ? ಸುಮ್ಮನೆ ಸುತ್ತು ಹೊಡೆಯುವ ಗಾಡಿ ಹತ್ತು ನಿಮಿಷಕ್ಕೆ ಬೇಜಾರು ತರಿಸುತ್ತದೆ. ಸಣ್ಣ ಸ್ಟೇಷನ್ನಿನ ನಿಜವಾದ ಸ್ವಾರಸ್ಯ ಶಂಟಿಂಗ್, ಅಂದರೆ ವ್ಯಾಗನ್‌ಗಳನ್ನು ಹಿಂದೆಮುಂದೆ ಎಳೆದು ಬೇಕಾದಂತೆ ಜೋಡಿಸುವುದು. ಇಂಗ್ಲೆಂಡಿನ ಅಲನ್ ರೈಟ್ ಇದಕ್ಕೊಂದು ಆಟ ಕಟ್ಟಿದ್ದಾರೆ, ಹೆಸರು ಇಂಗಲ್‌ನುಕ್. ಹಳಿ ಕವಲೊಡೆಯುವ ಪಾಯಿಂಟು ಎರಡೇ, ಗಾಡಿ ನಿಲ್ಲುವ ಸೈಡಿಂಗು ಮೂರು. ಒಂದರಲ್ಲಿ ಐದು ವ್ಯಾಗನ್ ಹಿಡಿಸಬೇಕು, ಮಿಕ್ಕೆರಡರಲ್ಲಿ ಮೂರು ಮೂರು. ಮೂರೂ ಕೂಡುವ ಕಡೆಯ ತುದಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ನಿಲ್ಲುವಷ್ಟು ಜಾಗ. ಒಟ್ಟು ವ್ಯಾಗನ್ ಎಂಟು. ಎಂಟು ಚೀಟಿ ಬರೆದು ಲೋಟದಲ್ಲಿ ಹಾಕಿ ಐದು ಎತ್ತು. ಎತ್ತಿದ ಕ್ರಮದಲ್ಲೇ ಐದು ವ್ಯಾಗನ್ ಜೋಡಿಸಿ ಗಾಡಿ ಹೊರಡಿಸಬೇಕು. ಕೇಳಲು ಸುಲಭ. ಐದರ ಜೋಡಣೆಗಳು 6,720 ಇವೆ, ನಾನು ಹದಿನೈದು ವರ್ಷದಿಂದ ಆಡುತ್ತಿದ್ದರೂ ಕೆಲವೊಮ್ಮೆ ಕಾಫಿ ಆರಿಹೋಗುವವರೆಗೂ ಸಿಕ್ಕಿಹಾಕಿಕೊಳ್ಳುತ್ತೇನೆ. ಇದಕ್ಕೆ ಬೇಕಾದದ್ದು ಐದಡಿ ಉದ್ದ, ಒಂದಡಿ ಅಗಲದ ಹಲಗೆ. ಪುಸ್ತಕದ ಕಪಾಟಿನ ಮೇಲೆ ಕೂರುತ್ತದೆ, ಪರೀಕ್ಷೆ ಬಂದರೆ ಮಂಚದ ಕೆಳಗೆ ಹೋಗುತ್ತದೆ. ಅಮ್ಮನ ತಕರಾರೂ ಇರುವುದಿಲ್ಲ.

ಬಾಕಿಯದನ್ನು ಬೇಗ ಹೇಳಿ ಮುಗಿಸಿದೆ. ಎಂಜಿನ್ ಒಂದೇ ಇರುವವರೆಗೆ ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣದ ಗೊಡವೆ ಬೇಡ, 12 ವೋಲ್ಟಿನ ಸಾದಾ ಕಂಟ್ರೋಲರ್ ಸಾಕು. ರೈಲು ತಡವರಿಸಿದರೆ ಮೋಟಾರನ್ನು ಬೈಯುವ ಮೊದಲು ಹಳಿ ಒರೆಸು, ಹತ್ತರಲ್ಲಿ ಒಂಬತ್ತು ಸಲ ಅದೇ ಕಾರಣ. ದುಡ್ಡಿನಲ್ಲಿ ಹೆಚ್ಚಿನ ಪಾಲು ಪಾಯಿಂಟಿಗೂ ಎಂಜಿನ್ನಿಗೂ ಹೋಗಲಿ, ಮನೆ-ಮರಗಳಿಗೆ ಒಂದು ಪೈಸೆಯೂ ಬೇಡ. ಪರದೇಶದ ಪೊಟ್ಟಣದಲ್ಲಿ ಬರುವ ಹಸಿರು ಹುಲ್ಲು ನಮ್ಮ ಬಯಲುಸೀಮೆಯಲ್ಲಿ ಎಲ್ಲಿ ಬೆಳೆದಿದೆ? ತೆಂಗಿನ ನಾರು ಕತ್ತರಿಸಿ ಹಾಕು. ಆ ದಾರಿಯ ಕೆಂಪು ಮಣ್ಣನ್ನೇ ಒಂದು ಹಿಡಿ ತಂದು ಒಣಗಿಸಿ, ಟೀ ಜರಡಿಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಅಂಟಿಸು. ಅದಕ್ಕೆ ಮುಂಚೆ ಆ ಮಣ್ಣಿನಲ್ಲಿ ಒಂದು ಅಯಸ್ಕಾಂತ ಆಡಿಸು. ಕಪ್ಪು ಪುಡಿ ಮೆತ್ತಿಕೊಂಡು ಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಎಂಜಿನ್ನಿನ ಮೋಟಾರು ತನ್ನೊಳಗೆ ಎಳೆದುಕೊಳ್ಳುತ್ತದೆ. ನನ್ನ ಒಂದು ಎಂಜಿನ್ ಸತ್ತದ್ದು ಹಾಗೆ.

ಹೋಗುವಾಗ ನೋಟ್‌ಬುಕ್ಕನ್ನು ನಮ್ಮನೆಯಲ್ಲೇ ಮರೆತ. ಗುರುವಾರ ಬಂದು ತೆಗೆದುಕೊಂಡು ಹೋದ. ಅಷ್ಟರಲ್ಲಿ ಒಂದು ಸಲ ನಂದಿ ಹಾಲ್ಟಿಗೆ ಹೋಗಿಬಂದಿದ್ದ. ಸ್ಟೇಷನ್ನಿನವರ ಅಪ್ಪಣೆ ಕೇಳಿ, ಹಳಿಗೆ ಇಳಿಯದೆ, ಟೇಪು ಹಿಡಿದು ಗೋಡೆ, ಬಾಗಿಲು, ಕಿಟಕಿ ಎಲ್ಲದರ ಅಳತೆ ಬರೆದುಕೊಂಡಿದ್ದಾನೆ. ವರ್ಷ ಯಾವುದೆಂದೂ ಗೊತ್ತುಮಾಡಿಕೊಂಡಿದ್ದಾನೆ: 1975, ಅವನ ಅಜ್ಜಿ ಮದುವೆಯಾಗಿ ಆ ರೈಲಿನಲ್ಲಿ ಬಂದ ವರ್ಷವಂತೆ. ಬಿಸ್ಕತ್ತಿನ ಡಬ್ಬದ ರಟ್ಟಿನಲ್ಲಿ ಮೊದಲ ಬೋಗಿ ಕತ್ತರಿಸಿ ಅಂಟಿಸಿದ್ದಾನೆ. ಒಂದು ಮೂಲೆ ಸೊಟ್ಟ, ಪರವಾಗಿಲ್ಲ. ಆದರೆ ಬಣ್ಣ ಯಾವುದು ಅಂತ ಅಜ್ಜಿಗೂ ನೆನಪಿಲ್ಲ, ನನಗೂ ಖಾತ್ರಿಯಿಲ್ಲ.

ಓದುಗರಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಆ ಮಾರ್ಗದ ಹಳೆಯ ಫೋಟೋ ಇದ್ದರೆ, ಅದರಲ್ಲೂ ಡಬ್ಬಿಗಳು ಕಾಣುವಂಥ ಕಲರ್ ಫೋಟೋ ಇದ್ದರೆ, ಒಂದು ಪ್ರತಿ ಮಾಡಿಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿಕೊಡಿ. ಹುಡುಗನಿಗೆ ತಲುಪಿಸುತ್ತೇನೆ. ಅಲ್ಲಿಯವರೆಗೆ ಬೋಗಿಯ ಮೇಲೆ ಬಿಸ್ಕತ್ತಿನ ಹೆಸರೇ ಇರುತ್ತದೆ.